ಹುಳಕಡ್ಡಿಗೆ ಚೀಟಿಯಿಲ್ಲದೆ ತಂದ ಟ್ಯೂಬ್ ಹಚ್ಚಬೇಡಿ

ಆಟೋ ಓಡಿಸುವ ಯುವಕ. ದಿನವಿಡೀ ಸೀಟಿನ ಮೇಲೆ ಬೆವರು, ಮೇಲೆ ಬಿಗಿ ಜೀನ್ಸ್. ತೊಡೆಸಂದಿನಲ್ಲಿ ನಾಣ್ಯದಗಲ ಹುಳಕಡ್ಡಿ ಎದ್ದಿತು. ಆಸ್ಪತ್ರೆಗೆ ಹೋದರೆ ಅರ್ಧ ದಿನದ ಬಾಡಿಗೆ ಹೋಗುತ್ತದೆ ಅಂತ ಮೆಡಿಕಲ್ ಶಾಪಿನಲ್ಲಿ 'ತುರಿಕೆಗೆ ಏನಾದ್ರೂ ಕೊಡಿ' ಅಂದ. ಚೀಟಿ ಕೇಳದೆ ಒಂದು ಟ್ಯೂಬ್ ಕೊಟ್ಟರು. ಎರಡೇ ದಿನಕ್ಕೆ ತುರಿಕೆ ಮಾಯ. ಹಚ್ಚುವುದು ಬಿಟ್ಟ ಮೇಲೆ ಮತ್ತೆ ಬಂತು, ಈ ಸಲ ಅಂಗೈ ಅಗಲ. ಮತ್ತೆ ಅದೇ ಟ್ಯೂಬ್. ಹೀಗೇ ತಿಂಗಳುಗಟ್ಟಲೆ ನಡೆದು ಸೊಂಟದ ಸುತ್ತ ಹಬ್ಬಿತು, ಮನೆಯಲ್ಲಿ ಹೆಂಡತಿ, ಮಗುವಿಗೂ ಅಂಟಿತು. ಚರ್ಮರೋಗ ತಜ್ಞರ ಬಳಿ ಹೋಗುವ ಹೊತ್ತಿಗೆ ತೊಡೆಯ ಒಳಬದಿಯಲ್ಲಿ ಬಸುರಿಯರ ಹೊಟ್ಟೆಯ ಮೇಲಿರುವಂಥ ಗೆರೆಗಳು ಬಿದ್ದಿದ್ದವು. ಹುಳಕಡ್ಡಿ ವಾಸಿಯಾಯಿತು. ಗೆರೆಗಳು ಬಣ್ಣ ಮಾಸಬಹುದು, ಪೂರ್ತಿ ಹೋಗುವುದಿಲ್ಲ.

ಆ ಟ್ಯೂಬಿನ ಮೇಲೆ ಸಣ್ಣಕ್ಷರದಲ್ಲಿ ನಾಲ್ಕು ಹೆಸರಿದ್ದವು: ಕ್ಲೋಬೆಟಸಾಲ್, ಆಫ್ಲೊಕ್ಸಾಸಿನ್, ಆರ್ನಿಡಜೋಲ್, ಟರ್ಬಿನಾಫಿನ್. ಇವುಗಳಲ್ಲಿ ಹುಳಕಡ್ಡಿಯ ಫಂಗಸ್‌ಗೆ ನಾಟುವುದು ಕೊನೆಯದೊಂದೇ. ಮೊದಲನೆಯದು ಚರ್ಮಕ್ಕೆ ಹಚ್ಚುವ ಸ್ಟೀರಾಯ್ಡ್‌ಗಳಲ್ಲೇ ಅತಿ ಪ್ರಬಲವಾದ ಗುಂಪಿನದು. ಕೆಂಪಾಗುವುದು, ತುರಿಸುವುದು ದೇಹ ಫಂಗಸ್ ಜೊತೆ ಹೊಡೆದಾಡುತ್ತಿರುವ ಗುರುತು. ಸ್ಟೀರಾಯ್ಡ್ ಆ ಹೊಡೆದಾಟವನ್ನೇ ನಿಲ್ಲಿಸುತ್ತದೆ, ಫಂಗಸ್ ಆರಾಮಾಗಿ ಹಬ್ಬುತ್ತದೆ. ಉಂಗುರದಂಥ ಅಂಚು ಅಳಿಸಿಹೋಗಿ ವೈದ್ಯರಿಗೂ ಗುರುತು ಹಿಡಿಯುವುದು ಕಷ್ಟವಾಗುತ್ತದೆ. ತೊಡೆಸಂದಿನ ಚರ್ಮ ಮೊದಲೇ ತೆಳು, ಮಡಿಕೆಯಲ್ಲಿ ಔಷಧ ಹೆಚ್ಚು ಇಳಿಯುತ್ತದೆ, ಅಲ್ಲೇ ಚರ್ಮ ಬೇಗ ಸವೆಯುವುದು. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಸ್ಟೀರಾಯ್ಡ್ ಕ್ರೀಮುಗಳನ್ನು ಚೀಟಿಯಿಲ್ಲದೆ ಮಾರಬಾರದ ಶೆಡ್ಯೂಲ್ ಎಚ್‌ಗೆ ಸೇರಿಸಿತು. ಕೌಂಟರಿನಲ್ಲಿ ಅದೆಷ್ಟು ಪಾಲನೆಯಾಗುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು.

ಹಾಗಾಗಿ ಬ್ರ್ಯಾಂಡ್ ಹೆಸರು ಬಿಟ್ಟು ಒಳಗೇನಿದೆ ಓದಿ. ಕ್ಲೋಬೆಟಸಾಲ್, ಬೀಟಾಮೆಥಾಸೋನ್, ಮೊಮೆಟಾಸೋನ್, ಬೆಕ್ಲೊಮೆಥಾಸೋನ್, ಈ ಸ್ಟೀರಾಯ್ಡ್ ಹೆಸರುಗಳಲ್ಲಿ ಯಾವುದು ಕಂಡರೂ ಹುಳಕಡ್ಡಿಗೆ ಹಚ್ಚಬೇಡಿ.

ವೈದ್ಯರು ಅಂಚಿನ ಹೊಟ್ಟು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಬಹುದು, ಆದ್ದರಿಂದ ಆವತ್ತು ಮುಲಾಮು ಮೆತ್ತಿಕೊಂಡು ಹೋಗಬೇಡಿ. ಅವರು ಬರೆದ ಕ್ರೀಮನ್ನು ಕಲೆಯ ಅಂಚು ದಾಟಿ ಸುಮಾರು 2 ಸೆಂಟಿಮೀಟರ್ ಆಚೆಗೂ ಹಚ್ಚಬೇಕು. ತೋರುಬೆರಳಿನ ಕೊನೆಯ ಗೆಣ್ಣಿನಷ್ಟು ಉದ್ದದ ಕ್ರೀಮ್ ಎರಡು ಅಂಗೈ ಅಗಲಕ್ಕೆ ಸಾಕು. ಕಲೆ ಮಾಸಿತೆಂದು ನಿಲ್ಲಿಸಿದರೆ ಕೆಟ್ಟಿರಿ. ವೈದ್ಯರು ಹೇಳಿದ ಅವಧಿ ಮುಗಿಸಲೇಬೇಕು, ಅದು ಸಾಮಾನ್ಯವಾಗಿ ವಾರಗಟ್ಟಲೆ. ಫಂಗಸ್‌ಗೆ ನುಂಗುವ ಇಟ್ರಾಕೊನಜೋಲ್ ಕ್ಯಾಪ್ಸೂಲ್ ಕೊಟ್ಟರೆ ಊಟ ಆದ ತಕ್ಷಣ ನುಂಗಿ. ಗ್ಯಾಸಿನ ಮಾತ್ರೆ ಜೊತೆಗಿದ್ದರೆ ಈ ಕ್ಯಾಪ್ಸೂಲ್ ಸರಿಯಾಗಿ ಮೈಗೆ ಹತ್ತುವುದಿಲ್ಲ. ಹೃದಯ, ಲಿವರ್ ತೊಂದರೆ, ಕೊಲೆಸ್ಟ್ರಾಲ್ ಮಾತ್ರೆ ಇದ್ದರೆ ಮೊದಲೇ ಹೇಳಿ. ಟರ್ಬಿನಾಫಿನ್‌ಗೆ ಬಗ್ಗದ ಫಂಗಸ್ ಈಗ ನಮ್ಮ ದೇಶದಲ್ಲಿ ಸಾಕಷ್ಟಿದೆ, ಪಕ್ಕದ ಮನೆಯವರ ಉಳಿದ ಮಾತ್ರೆ ನಿಮಗೆ ಹಿಡಿಯಬೇಕೆಂದಿಲ್ಲ.

ಸೊಂಟದ ಉಡಿದಾರ ಬಿಚ್ಚಿಡಿ. ಸದಾ ಒದ್ದೆಯಿರುವ ಆ ದಾರದಲ್ಲಿ ಫಂಗಸ್ ಉಳಿದು ಅದರ ಗುಂಟವೇ ಸೊಂಟ ಸುತ್ತುತ್ತದೆ. ಬೆಳ್ಳಿಯದಾದರೂ ಅಷ್ಟೇ. ಒಳಉಡುಪು, ಟವೆಲ್, ಹೊದಿಕೆಯನ್ನು ಬಿಸಿನೀರಲ್ಲಿ ಬೇರೆಯಾಗಿ ಒಗೆದು, ತಿರುವಿ ಹಾಕಿ ಬಿಸಿಲಿಗೆ ಒಣಗಿಸಿ. ಮನೆಯಲ್ಲಿ ತುರಿಕೆ ಇರುವವರೆಲ್ಲ ಒಟ್ಟಿಗೇ ಚಿಕಿತ್ಸೆ ತಗೊಳ್ಳದಿದ್ದರೆ ಒಬ್ಬರಿಂದ ಒಬ್ಬರಿಗೆ ಸುತ್ತುತ್ತಲೇ ಇರುತ್ತದೆ. ಬೆಳ್ಳುಳ್ಳಿ ಅರೆದು ಕಟ್ಟಿದರೆ ಚರ್ಮ ಸುಟ್ಟು ಬೊಬ್ಬೆ ಏಳುತ್ತದೆ, ಅಷ್ಟೇ.

ಬದನೆಕಾಯಿ, ಮೊಟ್ಟೆ, ಮೀನು ನಂಜು ಅಂತ ಬಿಡಿಸುತ್ತಾರಲ್ಲ, ಹುಳಕಡ್ಡಿಗೂ ಅದಕ್ಕೂ ಸಂಬಂಧವಿಲ್ಲ. ಸವೆದ ಚರ್ಮ ಮತ್ತೆ ಕಟ್ಟಿಕೊಳ್ಳಲು ಪ್ರೋಟೀನ್ ಬೇಕು: ಮೊಟ್ಟೆ, ಬೇಳೆ, ಮೊಳಕೆಕಾಳು, ಶೇಂಗಾ ಧಾರಾಳವಾಗಿ ತಿನ್ನಿ. ಪದೇ ಪದೇ ಬರುತ್ತಿದ್ದರೆ ರಕ್ತದ ಸಕ್ಕರೆ ಪರೀಕ್ಷಿಸಿ.

ಇದೇ ಸ್ಟೀರಾಯ್ಡ್ ಕ್ರೀಮುಗಳನ್ನು ಬೆಳ್ಳಗಾಗಲೆಂದು ಮುಖಕ್ಕೆ ಹಚ್ಚುವವರೂ ಇದ್ದಾರೆ. ತಿಂಗಳುಗಟ್ಟಲೆ ಹಚ್ಚಿದ್ದರೆ ನೀವಾಗೇ ದಿಢೀರನೆ ನಿಲ್ಲಿಸಬೇಡಿ, ಮುಖ ಕೆಂಪೇರಿ ಉರಿ ಶುರುವಾಗುತ್ತದೆ. ಟ್ಯೂಬ್ ಜೊತೆಗಿಟ್ಟುಕೊಂಡೇ ಚರ್ಮರೋಗ ತಜ್ಞರಿಗೆ ತೋರಿಸಿ.