ವಿಂಡೋಸ್ 10 ನಿಂತ ಮೇಲೆ ಹಳೇ ಐ5ಗೆ ಯಾವ ಓಎಸ್ ಒಗ್ಗುತ್ತದೆ?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಸೆಕ್ಯುರಿಟಿ ಅಪ್‌ಡೇಟ್ ನಿಂತಿತು. ಡಿಟಿಪಿ ಅಂಗಡಿ, ಆಡಿಟರ್ ಆಫೀಸು, ಮನೆಗಳಲ್ಲಿ ಕೂತಿರುವ ಆರು-ಏಳನೇ ಜನರೇಷನ್ನಿನ ಐ3, ಐ5 ಯಂತ್ರಗಳಿಗೆ ಇದರಿಂದ ಏನೂ ರೋಗ ಬಂದಿಲ್ಲ. 8 ಜಿಬಿ ರ‍್ಯಾಮ್, ಒಂದು ಸಾಟಾ ಎಸ್‌ಎಸ್‌ಡಿ ಇದ್ದರೆ ಇನ್ನೂ ಆರಾಮಾಗಿ ದುಡಿಯುತ್ತವೆ. ಆದರೆ ವಿಂಡೋಸ್ 11 ಅವನ್ನು ಹೊಸ್ತಿಲಲ್ಲೇ ತಡೆಯುತ್ತದೆ. ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ಜನರೇಷನ್ನೋ ಅದರ ಮೇಲಿನದೋ ಬೇಕು. ಈ ವಿಮರ್ಶೆ ಅಂಥ ಯಂತ್ರವನ್ನೇ ಮುಂದಿಟ್ಟುಕೊಂಡದ್ದು.

ಮೊದಲು, ಆಗಾಗ ಕುಸಿಯುತ್ತದೆ ಎಂದು ವಿಂಡೋಸಿಗೆ ಅಂಟಿದ ಹಳೇ ಅಪವಾದದ ಮಾತು. ವಿಂಡೋಸ್ 95 ಮತ್ತು 98ರಲ್ಲಿ ಮಿಲಿಸೆಕೆಂಡ್ ಎಣಿಸುವ 32 ಬಿಟ್ಟಿನ ಕೌಂಟರ್ 49.7 ದಿನಕ್ಕೆ ತುಂಬಿ ಯಂತ್ರ ನಿಂತುಬಿಡುತ್ತಿತ್ತು. (ಅಷ್ಟು ದಿನ ಅವು ನಿಲ್ಲದೆ ಓಡಿದರೆ ತಾನೇ!) ಈಗಿನ ವಿಂಡೋಸಿನ ತಳಪಾಯ ಅಷ್ಟು ಸಡಿಲವಲ್ಲ. ಯಂತ್ರ ಕುಸಿದು ನೀಲಿ ಪರದೆ ಬಂದರೆ ಹೆಚ್ಚಿನ ಸಲ ತಪ್ಪು ಹೊರಗಿನವರ ಡ್ರೈವರಿನದು (ಕಾರ್ಡ್, ಪ್ರಿಂಟರ್ ಥರದವನ್ನು ನಡೆಸುವ ತಂತ್ರಾಂಶ), ಇಲ್ಲವೇ ಕೆಟ್ಟ ರ‍್ಯಾಮಿನದು. 2024ರ ಜುಲೈ 19ರಂದು ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಒಟ್ಟಿಗೆ ಮಲಗಿ, ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರಲ್ಲ, ಅದಕ್ಕೆ ಕಾರಣ ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ತಂತ್ರಾಂಶದ ಒಂದು ಕೆಟ್ಟ ಫೈಲು. ಆ ತಂತ್ರಾಂಶ ಓಎಸ್ಸಿನ ತಿರುಳಾದ ಕರ್ನಲ್ಲಿನೊಳಗೇ ಕೂತಿದ್ದರಿಂದ ತಾನು ಬಿದ್ದಾಗ ಇಡೀ ಯಂತ್ರವನ್ನೂ ಎಳೆದುಕೊಂಡು ಬಿತ್ತು. ಸೇಫ್ ಮೋಡಿಗೆ ಹೋಗಿ ಆ ಫೈಲನ್ನು ಅಳಿಸಿದರೆ ಯಂತ್ರ ಎದ್ದೇಳುತ್ತಿತ್ತು, ಆದರೆ ಒಂದೊಂದು ಯಂತ್ರದ ಮುಂದೆಯೂ ಯಾರಾದರೂ ಕೂರಬೇಕಿತ್ತು.

ಹಾಗಾಗಿ ಓಎಸ್ ಬದಲಿಸುವ ಮುಂಚೆ ಎರಡು ಪರೀಕ್ಷೆ ಮಾಡಿ. ಸ್ಟಾರ್ಟ್ ಮೆನುವಿನಲ್ಲಿ 'ರಿಲಯಬಿಲಿಟಿ ಹಿಸ್ಟರಿ' ಎಂದು ಹುಡುಕಿ ತೆರೆದರೆ, ಯಾವ ದಿನ ಏನು ಕುಸಿಯಿತು ಎಂಬುದು ಕೆಂಪು ಗುರುತಿನೊಂದಿಗೆ ಸಿಗುತ್ತದೆ, 1ರಿಂದ 10ರೊಳಗೆ ಒಂದು ಅಂಕವೂ ಇರುತ್ತದೆ. ದಿನದಿನವೂ ಬೇರೆ ಬೇರೆ ಪ್ರೋಗ್ರಾಂ ಕುಸಿಯುತ್ತಿದ್ದರೆ ರ‍್ಯಾಮಿನ ಮೇಲೆ ಅನುಮಾನಪಡಿ, ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್ ಓಡಿಸಿ. ಕೆಟ್ಟ ರ‍್ಯಾಮ್ ಇಟ್ಟುಕೊಂಡು ವಿಂಡೋಸಿನ ಬದಲಿಗೆ ದುಡ್ಡಿಲ್ಲದೆ ಸಿಗುವ ಲಿನಕ್ಸ್ ಓಎಸ್ ಹಾಕಿದರೆ ಲಿನಕ್ಸೂ ಕುಸಿಯುತ್ತದೆ.

ವಿಂಡೋಸ್ 10ರಲ್ಲೇ ಇರಬೇಕೆಂದರೆ 22ಎಚ್2 ಆವೃತ್ತಿಯಲ್ಲಿರಬೇಕು. ಅಪ್‌ಡೇಟ್ ಪುಟದಲ್ಲಿ ನೋಂದಾಯಿಸಿಕೊಂಡು, ಮೈಕ್ರೋಸಾಫ್ಟ್ ಖಾತೆಗೆ ಸೆಟ್ಟಿಂಗ್ಸ್ ಬ್ಯಾಕಪ್ ಆಗಲು ಬಿಟ್ಟರೆ 2026ರ ಅಕ್ಟೋಬರ್ 13ರವರೆಗೆ ಸೆಕ್ಯುರಿಟಿ ಅಪ್‌ಡೇಟ್ ದುಡ್ಡಿಲ್ಲದೆ ಸಿಗುತ್ತದೆ. ಮನೆಯ ಯಂತ್ರಕ್ಕೆ ಇದು ಸಾಕು. ರೂಫಸ್ ಎಂಬ, ಇನ್‌ಸ್ಟಾಲ್ ಪೆನ್‌ಡ್ರೈವ್ ಮಾಡುವ ತಂತ್ರಾಂಶ ಬಳಸಿ ತಪಾಸಣೆ ತಪ್ಪಿಸಿ 11 ಹಾಕಿಕೊಡುವವರು ಎಲ್ಲ ಕಡೆ ಇದ್ದಾರೆ. ಓಡುತ್ತದೆ, ನಿಜ. ಆದರೆ ವರ್ಷಕ್ಕೊಮ್ಮೆ ಬರುವ ದೊಡ್ಡ ಆವೃತ್ತಿ ಇಂಥ ಯಂತ್ರಕ್ಕೆ ತಾನಾಗಿ ಇಳಿಯುವುದಿಲ್ಲ, ಪ್ರತಿ ಸಲ ಅದೇ ಕಸರತ್ತು. ದುಡ್ಡಿನ ಲೆಕ್ಕ ಇಡುವ ಯಂತ್ರಕ್ಕೆ ನಾವು ಇದನ್ನು ಹೇಳುವುದಿಲ್ಲ.

ನಮ್ಮ ಆಯ್ಕೆ ಲಿನಕ್ಸ್ ಮಿಂಟ್ 22, ಸಿನಮನ್ ಆವೃತ್ತಿ. ಉಬುಂಟು 24.04 ಎಂಬ ಇನ್ನೊಂದು ಲಿನಕ್ಸಿನ ಮೇಲೆ ಕಟ್ಟಿದ್ದು, 2029ರವರೆಗೆ ಅಪ್‌ಡೇಟ್ ಇದೆ. 4 ಜಿಬಿ ರ‍್ಯಾಮ್ ಇದ್ದರೂ ನಡೆಯುತ್ತದೆ. ಕೆಳಗಡೆ ಪಟ್ಟಿ, ಎಡಮೂಲೆಯಲ್ಲಿ ಮೆನು ಇರುವುದರಿಂದ ವಿಂಡೋಸ್ 7 ಬಳಸಿದವರ ಕೈ ತಾನಾಗೇ ಕೂರುತ್ತದೆ. ಇದರ ಸ್ಥಿರತೆಯ ಗುಟ್ಟು ಟೈಮ್‌ಶಿಫ್ಟ್, ಅಂದರೆ ಸಿಸ್ಟಮ್ಮಿನ ಆಯಾ ದಿನದ ಸ್ಥಿತಿಯನ್ನು ಉಳಿಸಿಡುವ ತಂತ್ರಾಂಶ. ಇನ್‌ಸ್ಟಾಲ್ ಆದ ಕೂಡಲೇ ಅದನ್ನು ತೆರೆದು ಆರ್‌ಸಿಂಕ್ ಬಗೆ ಆರಿಸಿ, ದಿನಕ್ಕೊಂದರಂತೆ ಕೊನೆಯ ಎರಡು ಸ್ನ್ಯಾಪ್‌ಶಾಟ್ ಉಳಿಯುವಂತೆ ಇಡಿ. 120 ಜಿಬಿ ಎಸ್‌ಎಸ್‌ಡಿಯಲ್ಲಿ ಅದಕ್ಕಿಂತ ಹೆಚ್ಚಿಟ್ಟರೆ ಜಾಗ ತುಂಬುತ್ತದೆ. ಅಪ್‌ಡೇಟ್ ಕೈಕೊಟ್ಟರೆ ಪೆನ್‌ಡ್ರೈವಿನಿಂದ ಬೂಟ್ ಮಾಡಿ ಹಿಂದಿನ ದಿನಕ್ಕೆ ಮರಳಬಹುದು. ಒಂದು ಎಚ್ಚರ: ಟೈಮ್‌ಶಿಫ್ಟ್ ಉಳಿಸುವುದು ಸಿಸ್ಟಮ್ಮನ್ನು, ನಿಮ್ಮ ಫೋಟೋ, ಕಡತಗಳನ್ನಲ್ಲ. ಅವಕ್ಕೆ ಬೇರೆ ಬ್ಯಾಕಪ್ ಬೇಕು.

ಕೆಡುವುದು ಎಲ್ಲಿ? ಡಿಸ್ಕ್ ಎನ್‌ಕ್ರಿಪ್ಟ್ ಮಾಡಿದ್ದರೆ ಬೂಟ್ ಪಾರ್ಟಿಷನ್ (ಯಂತ್ರ ಏಳಲು ಬೇಕಾದ ಫೈಲುಗಳ ಜಾಗ) ಬೇರೆಯಾಗಿ, ಚಿಕ್ಕದಾಗಿ ಇರುತ್ತದೆ. ಹಳೇ ಕರ್ನಲ್‌ಗಳು ಅಲ್ಲಿ ಪೇರಿಕೊಂಡು ಜಾಗ ತುಂಬಿ, ಅಪ್‌ಡೇಟ್ ಅರ್ಧಕ್ಕೆ ನಿಲ್ಲುತ್ತದೆ. ಅಪ್‌ಡೇಟ್ ಮ್ಯಾನೇಜರಿನ ಪ್ರಿಫರೆನ್ಸಸ್‌ನಲ್ಲಿ ಆಟೊಮೇಷನ್ ಎಂಬಲ್ಲಿ ಹಳೇ ಕರ್ನಲ್ ತೆಗೆದುಹಾಕುವ ಸ್ವಿಚ್ ಇದೆ, ಆನ್ ಮಾಡಿ. ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಇದ್ದು ಅಪ್‌ಡೇಟ್ ನಂತರ ಪರದೆ ಕಪ್ಪಾದರೆ ಯಂತ್ರ ಏಳುವಾಗ ಬರುವ ಗ್ರಬ್ ಮೆನುವಿನ ಅಡ್ವಾನ್ಸ್ಡ್ ಆಯ್ಕೆಯಲ್ಲಿ ಹಿಂದಿನ ಕರ್ನಲ್ ಹಿಡಿದು ಒಳಗೆ ಹೋಗಿ.

ಇನ್ನು ಕನ್ನಡ. ಕೀಬೋರ್ಡ್ ಸೆಟ್ಟಿಂಗ್ಸಿನ ಲೇಔಟ್ ಪಟ್ಟಿಯಲ್ಲಿ 'ಕನ್ನಡ ಕಗಪ' ಇದೆ, ಆದರೆ ಬರೇ ಅದನ್ನು ಸೇರಿಸಿದರೆ ನುಡಿ ತಂತ್ರಾಂಶಕ್ಕೆ ಬೆರಳು ಒಗ್ಗಿದವರಿಗೆ ಕಿರಿಕಿರಿ. ಅಲ್ಲಿ ಸ್ವರದ ಕೀಲಿ ನೇರ ಕಾಗುಣಿತದ ಚಿಹ್ನೆ ಕೊಡುತ್ತದೆ, ಬಿಡಿ ಸ್ವರಕ್ಕೆ ಬಲಗಡೆಯ ಆಲ್ಟ್ ಒತ್ತಬೇಕು. ಇನ್‌ಪುಟ್ ಮೆಥಡ್‌ನಲ್ಲಿ ಐಬಸ್ (ಬೇರೆ ಬೇರೆ ಭಾಷೆಯ ಟೈಪಿಂಗ್ ನೋಡಿಕೊಳ್ಳುವ ತಂತ್ರಾಂಶ) ಹಾಕಿ, ಅದರ ಎಂ17ಎನ್ ಪಟ್ಟಿಯಿಂದ ಕೆಜಿಪಿ ಆರಿಸಿದರೆ ನುಡಿಯ ರೂಢಿಗೆ ಹತ್ತಿರ ಬರುತ್ತದೆ. ಹಳೇ ನುಡಿ, ಬರಹ ಕಡತಗಳು ಯೂನಿಕೋಡ್ (ಎಲ್ಲ ಯಂತ್ರಗಳೂ ಓದುವ ಅಕ್ಷರ ಸಂಕೇತ) ಅಲ್ಲ. ಆ ಫಾಂಟಿನ ಫೈಲನ್ನು ಲಿನಕ್ಸಿಗೂ ಹಾಕಿದರೆ ಲಿಬ್ರೆಆಫೀಸ್ ಎಂಬ ಆಫೀಸ್ ತಂತ್ರಾಂಶದಲ್ಲಿ ಕನ್ನಡ ಕಾಣುತ್ತದೆ, ಇಲ್ಲದಿದ್ದರೆ ಬರೇ ರೋಮನ್ ಗೀಚು. ತಿದ್ದಿ ಬಳಸಬೇಕಾದರೆ ಕನ್ವರ್ಟರಿನಲ್ಲಿ ಯೂನಿಕೋಡ್ ಮಾಡಿಕೊಳ್ಳಿ, ಮಾಡಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಮಾತ್ರ ಕಣ್ಣಿಟ್ಟು ನೋಡಿ.

ಜನ ವಿಂಡೋಸ್ ಬಿಡದಿರುವುದು ಸ್ಥಿರತೆಗಾಗಿ ಅಲ್ಲವೇ ಅಲ್ಲ. ಟ್ಯಾಲಿ ವಿಂಡೋಸಿಗೇ ಮಾಡಿದ್ದು. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಲಿನಕ್ಸಿನಲ್ಲಿ ತಲೆನೋವು. ಅಂಗಡಿಗಳಲ್ಲಿ ಎಲ್ಲಿ ನೋಡಿದರೂ ಕಾಣುವ ಕ್ಯಾನನ್ ಎಲ್‌ಬಿಪಿ 2900 ಪ್ರಿಂಟರ್ ಹಳೇ ಕ್ಯಾಪ್ಟ್ ಡ್ರೈವರ್ ಕೇಳುತ್ತದೆ, ಹೊಸ ಲಿನಕ್ಸಿಗೆ ಅದು ಸುಲಭಕ್ಕೆ ಹೊಂದದು. ಎಚ್‌ಪಿ ಲೇಸರ್‌ಜೆಟ್ 1020 ಆದರೆ ಎಚ್‌ಪಿಲಿಪ್ ಎಂಬ ಎಚ್‌ಪಿಯ ಲಿನಕ್ಸ್ ಡ್ರೈವರಿನ ಪ್ಲಗಿನ್ ಇಳಿಸಿದರೆ ಆಯಿತು. ಅದಿಲ್ಲದೆ ಕ್ಯೂನಲ್ಲಿ ಕೆಲಸ ಹೋದಂತೆ ಕಾಣುತ್ತದೆ, ಕಾಗದ ಮಾತ್ರ ಬರುವುದಿಲ್ಲ. ಆಮೇಲೆ, ಕೆಟ್ಟಾಗ ಕೇಳಲು ಪಕ್ಕದಲ್ಲಿ ಒಬ್ಬರು ಬೇಕು. ಕೇರಳದ ಶಾಲೆಗಳಲ್ಲಿ ಅಲ್ಲಿನ ಸರ್ಕಾರದ ಕೈಟ್ ಸಂಸ್ಥೆ ಉಬುಂಟು ಆಧಾರಿತ ಲಿನಕ್ಸನ್ನೇ ಕಲಿಸುವುದರಿಂದ ಅಲ್ಲಿ ಕೇಳಲು ಮಕ್ಕಳೇ ಸಿಗುತ್ತಾರೆ. ನಮ್ಮಲ್ಲಿ ಅಷ್ಟು ಸಲೀಸಲ್ಲ.

ಉಳಿದವು ಚುಟುಕಾಗಿ. ಡೆಬಿಯನ್ 13 ಎಂಬ ಲಿನಕ್ಸ್ ಮಿಂಟಿಗಿಂತಲೂ ಗಟ್ಟಿ, ಆದರೆ ತಂತ್ರಾಂಶಗಳ ಆವೃತ್ತಿ ವರ್ಷಗಟ್ಟಲೆ ಕದಲುವುದಿಲ್ಲ. ಮೂಲೆಯಲ್ಲಿ ಫೈಲ್ ಸರ್ವರ್ ಆಗಿ ಕೂರಲು ಅದೇ ಸರಿ. ಆರ್ಚ್ ಲಿನಕ್ಸ್ ಬೇಡ: 2022ರ ಆಗಸ್ಟಿನಲ್ಲಿ ಗ್ರಬ್ ಅಪ್‌ಡೇಟೊಂದು ಹಲವರ ಯಂತ್ರ ಬೂಟ್ ಆಗದಂತೆ ಮಾಡಿತ್ತು. ಬ್ರೌಸರ್ ಒಂದೇ ಸಾಕು ಎನ್ನುವವರಿಗೆ ಗೂಗಲ್‌ನ ಕ್ರೋಮ್‌ಓಎಸ್ ಫ್ಲೆಕ್ಸ್ ಇದೆ, ಆಂಡ್ರಾಯ್ಡ್ ಆಪ್ ಮಾತ್ರ ಅದರಲ್ಲಿ ಓಡುವುದಿಲ್ಲ. ಆಪಲ್‌ನ ಮ್ಯಾಕ್‌ಓಎಸ್ ಸ್ಥಿರ ಹೌದು, ಹೊರಗಿನವರ ಡ್ರೈವರನ್ನು ಕರ್ನಲ್ಲಿನಿಂದ ಆಚೆ ತಳ್ಳುತ್ತಾ ಬಂದದ್ದೂ ಅದಕ್ಕೊಂದು ಕಾರಣ. ಆದರೆ ಅದು ಈ ಹಳೇ ಪಿಸಿಗೆ ಬರುವ ಸರಕಲ್ಲ.

ವಿಂಡೋಸ್, ಲಿನಕ್ಸ್ ಎರಡನ್ನೂ ಒಂದೇ ಯಂತ್ರದಲ್ಲಿ ಇಟ್ಟುಕೊಳ್ಳುವವರು ಬಿಟ್‌ಲಾಕರ್ (ವಿಂಡೋಸಿನ ಡಿಸ್ಕ್ ಬೀಗ) ರಿಕವರಿ ಕೀಯನ್ನು ಮೊದಲೇ ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ, ಇಲ್ಲದಿದ್ದರೆ ಲಿನಕ್ಸಿನಲ್ಲಿ ಆ ಡ್ರೈವ್ ಓದಲಷ್ಟೇ ಸಿಗಬಹುದು. ಲಿನಕ್ಸಿನಿಂದ ವಿಂಡೋಸಿಗೆ ಮರಳಿದಾಗ ಗಡಿಯಾರ ಸರಿಯಾಗಿ ಐದೂವರೆ ಗಂಟೆ ಹಿಂದಿದ್ದರೆ ಬಯಾಸ್ ಬ್ಯಾಟರಿ ಬದಲಿಸಲು ಹೋಗಬೇಡಿ. ಲಿನಕ್ಸ್ ಮದರ್‌ಬೋರ್ಡಿನ ಗಡಿಯಾರದಲ್ಲಿ ಯುಟಿಸಿ ಎಂಬ ಜಾಗತಿಕ ಸಮಯ ಇಡುತ್ತದೆ, ವಿಂಡೋಸ್ ಅದನ್ನೇ ಭಾರತದ ಸಮಯ ಎಂದು ಓದುತ್ತದೆ, ಅಷ್ಟೇ. ಸ್ಥಳೀಯ ಸಮಯವನ್ನೇ ಇಡುವಂತೆ ಲಿನಕ್ಸಿಗೆ ಒಮ್ಮೆ ಹೇಳಿದರೆ ಮುಗಿಯಿತು.