‘ಪಿಸಿಒಎಸ್ ಪ್ಯಾಕೇಜ್’: ಸೇವೆ ಅಚ್ಚುಕಟ್ಟು, ಪರೀಕ್ಷೆಗಳ ಆಯ್ಕೆ ಹಳೆಯದು

ಮುಟ್ಟು ಮೂರು ನಾಲ್ಕು ತಿಂಗಳಿಗೊಮ್ಮೆ ಆಗುತ್ತಿದ್ದ ಅಕ್ಕನ ಮಗಳಿಗೆ ಬೆಂಗಳೂರಿನ ಲ್ಯಾಬ್ ಒಂದರ ‘ಪಿಸಿಒಎಸ್ ಪ್ಯಾಕೇಜ್’ ಮಾಡಿಸಿದೆವು. ಪಿಸಿಒಎಸ್ ಎಂದರೆ ಹಾರ್ಮೋನುಗಳ ಏರುಪೇರಿನಿಂದ ಮುಟ್ಟು ತಪ್ಪುವ ಕಾಯಿಲೆ. ಮನೆಗೇ ಬಂದ ಸಿಬ್ಬಂದಿ ಒಂದೇ ಚುಚ್ಚಿಗೆ ರಕ್ತ ತೆಗೆದರು, ವರದಿಯೂ ಹೇಳಿದ ಹೊತ್ತಿಗೆ ಮೊಬೈಲಿಗೆ ಬಂತು. ತಕರಾರಿರುವುದು ಪ್ಯಾಕೇಜಿನೊಳಗೆ ಏನಿದೆ, ಏನಿಲ್ಲ ಎಂಬುದರ ಬಗ್ಗೆ.

ಲ್ಯಾಬಿನವರು ಎಲ್ಲಕ್ಕಿಂತ ಮುಂದಿಡುವುದು ಸ್ಕ್ಯಾನಿಂಗನ್ನು. ಅಂಡಾಶಯಗಳು ತುಸು ಹಿಗ್ಗಿವೆ, ಅಂಚಿನುದ್ದಕ್ಕೂ ಸಣ್ಣ ಫಾಲಿಕಲ್‌ಗಳಿವೆ (ಅಂಡಾಣು ಬೆಳೆಯುವ ಚೀಲಗಳು) ಎಂದು ವಿವರಿಸಿದ ವರದಿ, ಕೊನೆಗೆ ದಪ್ಪಕ್ಷರದಲ್ಲಿ ‘ಪಿಸಿಒಡಿ’ (ಪಿಸಿಒಎಸ್‌ಗೆ ರೂಢಿಯ ಇನ್ನೊಂದು ಹೆಸರು) ಎಂದು ಷರಾ ಬರೆದು ಕೈತೊಳೆದುಕೊಂಡಿದೆ. 1935ರಲ್ಲಿ ಷಿಕಾಗೊದ ವೈದ್ಯರಾದ ಸ್ಟೈನ್ ಮತ್ತು ಲೆವೆಂಥಾಲ್ ಏಳು ಮಹಿಳೆಯರ ಪ್ರಕರಣಗಳನ್ನು ಪ್ರಕಟಿಸಿದಾಗ ಅಂಡಾಶಯದ ರೂಪವೇ ಈ ಕಾಯಿಲೆಯ ಗುರುತಾಗಿತ್ತು. ಅಂಡಾಶಯದ ಭಾಗವನ್ನು ಕತ್ತರಿಸಿ ತೆಗೆದ ಮೇಲೆ ಏಳೂ ಮಂದಿಗೆ ಮುಟ್ಟು ಮರಳಿದ್ದರಿಂದ ಆ ನಂಬಿಕೆ ಗಟ್ಟಿಯೂ ಆಯಿತು. ಆದರೆ 1990ರಲ್ಲಿ ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನ ಸಮ್ಮೇಳನದಿಂದ ರೂಪುಗೊಂಡ ಮಾನದಂಡ ಮುಟ್ಟಿನ ಏರುಪೇರು ಮತ್ತು ಪುರುಷ ಹಾರ್ಮೋನಿನ ಹೆಚ್ಚಳವನ್ನಷ್ಟೇ ನೋಡಿತು, ಸ್ಕ್ಯಾನಿಂಗನ್ನು ಕೇಳಲೇ ಇಲ್ಲ. 2003ರ ರಾಟರ್‌ಡ್ಯಾಮ್ ಸಭೆ ಅದನ್ನು ಮೂರನೆಯ ಲಕ್ಷಣವಾಗಿ ಸೇರಿಸಿ, ಮೂರರಲ್ಲಿ ಎರಡಿದ್ದರೆ ಸಾಕೆಂದಿತು. ಮೊದಲ ಮುಟ್ಟಿನಿಂದ ಎಂಟು ವರ್ಷ ತುಂಬದವರಲ್ಲಿ ರೋಗನಿರ್ಣಯಕ್ಕೆ ಸ್ಕ್ಯಾನಿಂಗ್ ಬೇಡ ಎಂದು 2018ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳಿತು, ಏಕೆಂದರೆ ಆ ವಯಸ್ಸಿನ ಆರೋಗ್ಯವಂತ ಹುಡುಗಿಯರಲ್ಲೂ ಇಂತಹ ಅಂಡಾಶಯ ಸಾಮಾನ್ಯ. ನಮ್ಮ ಹುಡುಗಿಗೆ ಇನ್ನೂ ಹದಿನೇಳು. ಬುಕ್ ಮಾಡುವಾಗ ವಯಸ್ಸನ್ನು ಬರೆದುಕೊಂಡವರು ಇದನ್ನು ಗಮನಿಸಬೇಕಿತ್ತು.

ಅಂಡಾಶಯವನ್ನು ನಿಯಂತ್ರಿಸುವ ಎರಡು ಹಾರ್ಮೋನುಗಳ, ಅಂದರೆ ಎಲ್‌ಎಚ್–ಎಫ್‌ಎಸ್‌ಎಚ್ ಅನುಪಾತಕ್ಕೂ ದುಡ್ಡು ಹಿಡಿದಿದ್ದಾರೆ. ಮೇಲೆ ಹೇಳಿದ ಯಾವ ಮಾನದಂಡದಲ್ಲೂ ಅದಿಲ್ಲ. ಫಾಲಿಕಲ್‌ಗಳು ಸ್ರವಿಸುವ ಹಾರ್ಮೋನನ್ನು ಅಳೆಯುವ ಎಎಂಎಚ್ ಪರೀಕ್ಷೆಯನ್ನೂ ಸೇರಿಸಿಕೊಳ್ಳಿ ಎಂದು ಫೋನಿನಲ್ಲಿ ಒತ್ತಾಯಿಸಿದರು. 2023ರ ಮಾರ್ಗಸೂಚಿ ಸ್ಕ್ಯಾನಿಂಗಿಗೆ ಬದಲಾಗಿ ಅದನ್ನು ಒಪ್ಪಿರುವುದು ವಯಸ್ಕರಿಗೆ ಮಾತ್ರ.

ನಿಜವಾಗಿ ಇರಬೇಕಾಗಿದ್ದುದು ಸಕ್ಕರೆಯ ಪರೀಕ್ಷೆ. ಈ ಕಾಯಿಲೆಗೂ ಇನ್ಸುಲಿನ್ನಿಗೂ ಇರುವ ನಂಟು 1980ರಲ್ಲೇ ಬೆಳಕಿಗೆ ಬಂದಿತ್ತು. ಆದರೂ ಪ್ಯಾಕೇಜಿನಲ್ಲಿರುವುದು ಖಾಲಿ ಹೊಟ್ಟೆಯ ಇನ್ಸುಲಿನ್ ಮಾತ್ರ; ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರ ರಕ್ತದ ಸಕ್ಕರೆ ನೋಡುವ, ಮಾರ್ಗಸೂಚಿಯೂ ಮೊದಲು ಹೇಳುವ ಪರೀಕ್ಷೆ ಇಲ್ಲ. ಅದನ್ನು ಸೇರಿಸಿ ಅನುಪಾತವನ್ನು ಬಿಡಬಹುದೇ ಎಂದು ಕೇಳಿದರೆ, ‘ಪ್ಯಾಕೇಜ್ ಬದಲಾಯಿಸಲು ಬರುವುದಿಲ್ಲ ಮೇಡಂ’ ಎಂಬ ಉತ್ತರ.

ಐದಕ್ಕೆ ಎರಡು ಅಂಕ, ಅದೂ ರಕ್ತ ತೆಗೆದವರ ಕೈಗುಣಕ್ಕೆ. ಟೆಸ್ಟೊಸ್ಟಿರೋನ್, ಥೈರಾಯ್ಡ್, ಪ್ರೊಲ್ಯಾಕ್ಟಿನ್‌ಗಳನ್ನು ವೈದ್ಯರ ಚೀಟಿಯಂತೆ ಬಿಡಿಬಿಡಿಯಾಗಿ ಮಾಡಿಸಿಕೊಳ್ಳುವವರು ಇದೇ ಲ್ಯಾಬಿಗೆ ಧೈರ್ಯವಾಗಿ ಹೋಗಬಹುದು.