ಫ್ಲೆಕ್ಸ್‌ನಲ್ಲಿ ಶಾರ್ಕ್, ಟ್ಯಾಂಕಿನಲ್ಲಿ ಬಾಸಾ: ಟಿಕೆಟ್ ತಗೊಳ್ಳುವ ಮುಂಚೆ ಓದಿ

ರಜೆ ಬಂದರೆ ಸಾಕು, ಊರೂರಿನ ಮೈದಾನಗಳಲ್ಲಿ ಮೀನಿನ ಟ್ಯಾಂಕಿನ ಕೆಳಗೆ ನಡೆದುಹೋಗುವ 'ಅಂಡರ್‌ವಾಟರ್ ಟನಲ್' ಎಕ್ಸ್‌ಪೋಗಳು ತಲೆ ಎತ್ತುತ್ತವೆ. ತಗಡಿನ ಶೆಡ್ಡು, ಹೊರಗೆ ಬಾಯಿ ತೆರೆದ ಶಾರ್ಕಿನ ದೊಡ್ಡ ಫ್ಲೆಕ್ಸು, ಪಕ್ಕದಲ್ಲಿ ಜಾಯಿಂಟ್ ವೀಲು, ದೆಹಲಿ ಹಪ್ಪಳ. ಬೆಂಗಳೂರಿನಲ್ಲಿ ಅಂಥದ್ದೊಂದಕ್ಕೆ ಮಗಳನ್ನೂ ಅಕ್ಕನ ಮಗನನ್ನೂ ಕರೆದುಕೊಂಡು ಹೋಗಿ ದುಡ್ಡು ಕಳೆದುಕೊಂಡು ಬಂದಿದ್ದೇವೆ. ಯಾವುದು ಅಂತ ಹೆಸರು ಹೇಳುವುದಿಲ್ಲ. ಇಂಥವನ್ನು ಗುರುತು ಹಿಡಿಯುವುದು ಹೇಗೆ ಅಂತ ಮಾತ್ರ ಹೇಳುತ್ತೇನೆ.

ಶನಿವಾರ, ಭಾನುವಾರ ರೇಟು ಜಾಸ್ತಿ. ಕೌಂಟರಿನಲ್ಲಿ "ಶಾರ್ಕ್ ಇದೆಯಾ?" ಅಂತ ಕೇಳಿಯೇ ಟಿಕೆಟ್ ತಗೊಂಡೆ. "ಎಲ್ಲಾ ಇದೆ ಮೇಡಂ, ಲೈವ್" ಅಂದರು.

ಒಳಗೆ ಟನಲ್ಲಿನ ತಲೆ ಮೇಲೆ ಬೂದು ಬಣ್ಣದ, ಉದ್ದನೆಯ ಮೀನುಗಳು ಗುಂಪಾಗಿ ಓಡಾಡುತ್ತಿದ್ದವು. ಕೆಳಗೆ 'ಶಾರ್ಕ್' ಅಂತ ಬೋರ್ಡು. ಅಕ್ಕನ ಮಗನಿಗೆ ಶಾರ್ಕ್ ಹುಚ್ಚು, ಐದನೇ ಕ್ಲಾಸಿಗೇ ಅಷ್ಟೂ ಜಾತಿಗಳ ಹೆಸರು ಬಾಯಿಪಾಠ. ಗಾಜಿಗೆ ಮೂಗು ಒತ್ತಿ ನೋಡಿದವನು, "ಚಿಕ್ಕಮ್ಮಾ, ಇದಕ್ಕೆ ಮೀಸೆ ಇದೆ!" ಅಂದ. ಅಲ್ಲಿದ್ದ ಹುಡುಗನನ್ನು ಕೇಳಿದರೆ, "ಶಾರ್ಕೇ ಪುಟ್ಟ, ಚಿಕ್ಕ ವೆರೈಟಿ" ಅಂತ ಮುಂದಕ್ಕೆ ತಳ್ಳಿದ.

ಅದು ಪಂಗಾಸಿಯಸ್. ಕ್ಯಾಟ್‌ಫಿಶ್ ಜಾತಿಯ ಸಿಹಿನೀರಿನ ಮೀನು. ಮೂಲ ಮೆಕಾಂಗ್ ನದಿ ಸೀಮೆ. ನಮ್ಮಲ್ಲಿ ಆಂಧ್ರದ ಕೆರೆಗಳಲ್ಲಿ ರಾಶಿ ರಾಶಿ ಸಾಕುತ್ತಾರೆ. ಸೂಪರ್‌ಮಾರ್ಕೆಟ್ಟಿನ ಫ್ರೀಜರಿನಲ್ಲಿ 'ಬಾಸಾ' ಅಂತ ಮಾರುವ ಫಿಲೆಟ್ ಇದೆಯಲ್ಲ, ಬಹುಪಾಲು ಇದೇ ಮೀನಿನದು. ಅಕ್ವೇರಿಯಂ ಅಂಗಡಿಯವರು ಇದನ್ನು 'ಇರಿಡಿಸೆಂಟ್ ಶಾರ್ಕ್' ಅನ್ನುತ್ತಾರೆ. 'ಬಾಲಾ ಶಾರ್ಕ್', 'ರೆಡ್ ಟೇಲ್ ಶಾರ್ಕ್' ಅಂತಲೂ ಇವೆ, ಅವು ಕಾಟ್ಲಾ, ರೋಹು ಬಳಗದವು. ಅಂಗಡಿಯ ಅಡ್ಡಹೆಸರನ್ನು ಹಿಡಿದುಕೊಂಡು, ಬಾಯಿ ತುಂಬ ಹಲ್ಲಿರುವ ಶಾರ್ಕಿನ ಫೋಟೋ ಹಾಕಿ ಟಿಕೆಟ್ ಮಾರಿದರೆ ಅದು ಮೋಸವೇ ಅಲ್ವಾ?

ಮೀಸೆಯೊಂದನ್ನೇ ನೋಡಿ ತೀರ್ಮಾನಕ್ಕೆ ಬರಬೇಡಿ, ನರ್ಸ್ ಶಾರ್ಕಿಗೂ ಮೀಸೆ ಇರುತ್ತದೆ. ಕಿವಿರು ನೋಡಿ. ಶಾರ್ಕಿನ ಕತ್ತಿನ ಎರಡೂ ಪಕ್ಕ ಸಾಲಾಗಿ ಸೀಳುಗಳು ಕಾಣುತ್ತವೆ, ಹೆಚ್ಚಿನವಕ್ಕೆ ಪಕ್ಕಕ್ಕೆ ಐದೈದು. ಪಂಗಾಸಿಯಸ್ಸಿಗೆ ಉಳಿದ ಮೀನುಗಳ ಹಾಗೆ ಒಂದೇ ಮುಚ್ಚಳ. ಇನ್ನೊಂದು ಸುಲಭದ ಗುರುತು: ಅದೇ ಟ್ಯಾಂಕಿನಲ್ಲಿ ಗೋಲ್ಡ್‌ಫಿಶ್, ಕೋಯಿಯಂಥ ಸಿಹಿನೀರಿನ ಮೀನು ಕಂಡರೆ ಅದು ಸಮುದ್ರದ ನೀರಲ್ಲ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಒಂದು ಲಕ್ಷ ಲೀಟರಿನ ಟ್ಯಾಂಕಿಗೆ ಮೂರೂವರೆ ಟನ್ ಬೇಕು, ಅದೂ ಅಡುಗೆ ಉಪ್ಪಲ್ಲ. ರಜೆ ಮುಗಿದ ಮೇಲೆ ಬಿಚ್ಚಿ ಒಯ್ಯುವ ಶೆಡ್ಡಿಗೆ ಯಾರು ಅಷ್ಟು ಖರ್ಚು ಮಾಡುತ್ತಾರೆ?

ಮೀನುಗಳ ಪಾಡು ನೋಡಿ ಇನ್ನೂ ಬೇಜಾರಾಯಿತು. ಪಂಗಾಸಿಯಸ್ ಬಹಳ ಪುಕ್ಕಲು. ಜನ ಗಾಜು ಬಡಿದಾಗಲೆಲ್ಲ ಬೆಚ್ಚಿ ನುಗ್ಗಿ ಎದುರಿನ ಗಾಜಿಗೆ ಗುದ್ದುತ್ತಿದ್ದವು. ಹತ್ತಿರ ಬಂದ ಒಂದರ ಮೂತಿ ಪೂರ್ತಿ ಬಿಳಿಚಿ, ತುದಿಯಲ್ಲಿ ಕೆಂಪಗೆ ಹಸಿಗಾಯ. ಬಡಿಯಬೇಡಿ ಅಂತ ಹೇಳುವವರು ಒಬ್ಬರೂ ಇರಲಿಲ್ಲ. ಇನ್ನೊಂದು ಟ್ಯಾಂಕಿನಲ್ಲಿ ಮೊಸಳೆಯಂಥ ಮೂತಿಯ ಅಲಿಗೇಟರ್ ಗಾರ್ ಮೀನು ಇತ್ತು. ಎಕ್ಸ್‌ಪೋ ಮುಗಿದ ಮೇಲೆ ಇವೆಲ್ಲ ಎಲ್ಲಿಗೆ ಹೋಗುತ್ತವೆ ಅಂದರೆ ಉತ್ತರವಿಲ್ಲ. ಯಾವುದಾದರೂ ಕೆರೆಗೆ ಬಿಟ್ಟುಬಿಟ್ಟರೆ? 2023ರಲ್ಲಿ ಕಾಶ್ಮೀರದ ದಾಲ್ ಸರೋವರದಲ್ಲಿ ಸಿಕ್ಕಿದ್ದು ಇದೇ ಅಮೆರಿಕದ ಗಾರ್ ಮೀನು.

ಎದೆ ಝಲ್ ಅಂದದ್ದು ಮಾತ್ರ ಟನಲ್ಲಿನ ಕೊನೆಯಲ್ಲಿ. ಮೇಲಿನ ಜಾಯಿಂಟಿನಿಂದ ನೀರು ಸೋರಿ ಕಾರ್ಪೆಟ್ ತೊಪ್ಪೆಯಾಗಿತ್ತು. ಆ ತೇವದ ಮೇಲೇ ಎಕ್ಸ್‌ಟೆನ್ಷನ್ ಬೋರ್ಡು, ಅದಕ್ಕೆ ಮೂರು ಮೋಟಾರಿನ ಪ್ಲಗ್ಗು. ಮಗಳನ್ನು ರಟ್ಟೆ ಹಿಡಿದು ಎಳೆದುಕೊಂಡೆ. ಹಿಂದೆ ಜನ ನೂಕುತ್ತಿದ್ದರು, ಮಧ್ಯೆ ಎಲ್ಲೂ ಹೊರಗೆ ಹೋಗುವ ಬಾಗಿಲಿಲ್ಲ.

ಆಚೆ ಬಂದರೆ ಆಟಿಕೆ ಅಂಗಡಿ, ಫೋಟೋ ಸ್ಟಾಲು, ಫಿಶ್ ಸ್ಪಾ. ಎಲ್ಲದಕ್ಕೂ ಬೇರೆ ದುಡ್ಡು. ಫಿಶ್ ಸ್ಪಾಕ್ಕೆ ಮಕ್ಕಳನ್ನು ಕೂರಿಸಲೇಬೇಡಿ. ಒಂದೇ ನೀರಿನಲ್ಲಿ ಊರಿನವರೆಲ್ಲ ಕಾಲು ಅದ್ದಿರುತ್ತಾರೆ, ಗಾಯವಿದ್ದರೆ ಸೋಂಕು ತಗುಲಬಹುದು.

ನಿಜವಾದ ಶಾರ್ಕನ್ನೇ ತೋರಿಸಬೇಕು ಅಂತಿದ್ದರೆ ದುಡ್ಡು ಕೂಡಿಟ್ಟು ಶಾಶ್ವತ ಅಕ್ವೇರಿಯಂಗಳಿಗೇ ಹೋಗಿ. ಅಹಮದಾಬಾದಿನ ಸೈನ್ಸ್ ಸಿಟಿಯಲ್ಲಿ 2021ರಲ್ಲಿ ಶುರುವಾದ ಅಕ್ವಾಟಿಕ್ಸ್ ಗ್ಯಾಲರಿಗೆ 28 ಮೀಟರ್ ಉದ್ದದ ಟನಲ್ ಇದೆ. ದುಬೈನಲ್ಲಿ ನೆಂಟರಿದ್ದರೆ ಅಲ್ಲಿನ ಮಾಲಿನ ಅಕ್ವೇರಿಯಂ ಇದೆ, ಮುಖ್ಯ ಟ್ಯಾಂಕೇ ಒಂದು ಕೋಟಿ ಲೀಟರಿನದು.

ಎಕ್ಸ್‌ಪೋಗೇ ಹೋಗುವುದಾದರೆ ಟಿಕೆಟ್ ತಗೊಳ್ಳುವ ಮುಂಚೆ ಹೊರಗೆ ಬರುತ್ತಿರುವವರ ಮೊಬೈಲಿನಲ್ಲಿ ವಿಡಿಯೋ ಕೇಳಿ ನೋಡಿ, ಯಾರೂ ಬೇಡ ಅನ್ನುವುದಿಲ್ಲ. ಫ್ಲೆಕ್ಸಿನದೊಂದು, ಟ್ಯಾಂಕಿನದೊಂದು ಫೋಟೋ ತೆಗೆದಿಟ್ಟುಕೊಳ್ಳಿ, ಟಿಕೆಟ್ ಬಿಸಾಡಬೇಡಿ. ದುಡ್ಡು ವಾಪಸ್ ಕೇಳಿದಾಗ ನಮಗೆ 'ನೋ ರಿಫಂಡ್' ಬೋರ್ಡು ತೋರಿಸಿದರು. ಸುಳ್ಳು ಜಾಹೀರಾತಿನ ಮೇಲೆ ದೂರು ಕೊಡಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ, ನಂಬರ್ 1915. ನಾನು ಕೊಟ್ಟಿದ್ದೇನೆ.